ಆರ್ಚ್‌ಬಿಷಪ್ ಮೆಕ್‌ಕ್ವೇಡ್ ಅವರ ಟಪಾಲಿನಲ್ಲಿ ಏನಿರುತ್ತಿತ್ತು?

ಹಳೆಕಾಗದ (ಪ್ರಶ್ನೆ):
ಐರ್ಲೆಂಡಿನ 1940, 50ರ ದಶಕಗಳ ಬಗ್ಗೆ ಓದುತ್ತಿದ್ದೇನೆ. ಎಲ್ಲಿ ನೋಡಿದರೂ ಡಬ್ಲಿನ್ನಿನ ಕ್ಯಾಥೊಲಿಕ್ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್‌ಕ್ವೇಡ್ ಅವರ ಹೆಸರು. ಆಸ್ಪತ್ರೆ, ಕಾಲೇಜು, ನಾಟಕ, ಕಡೆಗೆ ಫುಟ್‌ಬಾಲ್ ಮ್ಯಾಚಿನಲ್ಲೂ ಅವರೇ. ಚುನಾವಣೆಗೆ ನಿಂತವರಲ್ಲ, ಮಂತ್ರಿಯೂ ಅಲ್ಲ. ಇವರ ಒಂದು ಕಾಗದಕ್ಕೆ ಅಷ್ಟು ತೂಕ ಬಂದದ್ದು ಹೇಗೆ? ಜನ ಇವರಿಗೆ ಏನಂತ ಬರೆಯುತ್ತಿದ್ದರು?

ಸಂಜೆಓದು:
ಇವರು ಬರೆದದ್ದಕ್ಕಿಂತ ಇವರಿಗೆ ಬಂದ ಕಾಗದಗಳನ್ನೇ ಮೊದಲು ನೋಡಬೇಕು ಅನ್ನುತ್ತೇನೆ. ಜನರೇ ಬಂದು ಕೇಳುತ್ತಿದ್ದರು, ಅದೇ ಇವರ ಬಲ. ಟ್ರಿನಿಟಿ ಕಾಲೇಜಿನ ವಿಷಯ ತಗೊಳ್ಳಿ. ಅದು ಪ್ರಾಟೆಸ್ಟೆಂಟರ ಕಾಲೇಜು ಅಂತ ಚರ್ಚಿನ ಲೆಕ್ಕ. 1956ರ ಹೊತ್ತಿಗೆ ಇಡೀ ಐರ್ಲೆಂಡಿನ ಯಾವ ಕ್ಯಾಥೊಲಿಕ್ ಹುಡುಗ ಅಲ್ಲಿ ಸೇರಬೇಕಾದರೂ ಡಬ್ಲಿನ್ ಆರ್ಚ್‌ಬಿಷಪ್ಪರ ಅನುಮತಿ ಬೇಕು ಅನ್ನುವ ನಿಯಮವೇ ಬಂತು. ಮಗನಿಗೆ ಬೇಕಾದ ಕೋರ್ಸು ಬೇರೆಲ್ಲೂ ಸಿಗುವುದಿಲ್ಲ, ದಯವಿಟ್ಟು ಒಪ್ಪಿಗೆ ಕೊಡಿ ಅಂತ ಅಪ್ಪ ಅಮ್ಮ ಅರ್ಜಿ ಹಾಕಬೇಕು! ಆ ನಿಷೇಧ ಹೋದದ್ದು 1970ರಲ್ಲಿ. ಪ್ರಾಟೆಸ್ಟೆಂಟ್ ಹುಡುಗಿಯನ್ನು ಮದುವೆಯಾಗಬೇಕಾದರೂ ಹಾಗೇ, ಚರ್ಚಿನ ವಿಶೇಷ ಅನುಮತಿ ಬೇಕು. ಬದುಕಿನ ಇಂಥ ದೊಡ್ಡ ನಿರ್ಧಾರಗಳು ಒಬ್ಬರ ಮೇಜಿನ ಮೇಲೆ ಹಾದುಹೋಗುತ್ತಿದ್ದರೆ ಮಂತ್ರಿಗಳೂ ಸುಮ್ನೆ ಹೆದರುತ್ತಿರಲಿಲ್ಲ ಅಲ್ವಾ?

ಇನ್ನೊಂದು, ಇದು ಆರ್ಚ್‌ಬಿಷಪ್ ಆದಮೇಲೆ ಶುರುವಾದದ್ದಲ್ಲ. 1937ರ ಸಂವಿಧಾನದ ಕರಡು ತಯಾರಾಗುತ್ತಿದ್ದಾಗ ಅವರು ಬ್ಲ್ಯಾಕ್‌ರಾಕ್ ಕಾಲೇಜಿನ ಪ್ರಾಂಶುಪಾಲರು. ಆಗಲೇ ಸರ್ಕಾರದ ಮುಖ್ಯಸ್ಥರಾಗಿದ್ದ ಡಿ ವಲೇರಾ ಅವರಿಗೆ ಹೆಚ್ಚುಕಡಿಮೆ ದಿನಾ ಟಿಪ್ಪಣಿ ಕಳಿಸುತ್ತಿದ್ದರು.

ಮೂರನೇಬೆಂಚು:
ಕಾಗದದ ತೂಕ ಗೊತ್ತಾಗಬೇಕಾದರೆ ತಾಯಿ-ಮಗು ಯೋಜನೆಯ ಕಥೆ ಓದಿ. ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್ ಅವರು ತಾಯಂದಿರಿಗೂ 16 ವರ್ಷದೊಳಗಿನ ಮಕ್ಕಳಿಗೂ ಆದಾಯ ನೋಡದೆ ಉಚಿತ ಚಿಕಿತ್ಸೆ ಕೊಡಲು ಹೊರಟರು. ಡಾಕ್ಟರುಗಳ ಸಂಘಕ್ಕೆ ಇಷ್ಟವಿರಲಿಲ್ಲ. 1950ರ ಅಕ್ಟೋಬರಿನಲ್ಲಿ ಮೆಕ್‌ಕ್ವೇಡ್ ಸೇರಿದಂತೆ ಐರ್ಲೆಂಡಿನ ಬಿಷಪ್ಪರು ಪ್ರಧಾನಿ ಕಾಸ್ಟೆಲೋ ಅವರಿಗೆ ಕಾಗದ ಬರೆದರು: ಮಕ್ಕಳ ಆರೋಗ್ಯ ತಂದೆತಾಯಿಯ ಹಕ್ಕು, ಸರ್ಕಾರ ಅದರಲ್ಲಿ ಕೈಹಾಕಬಾರದು. 1951ರ ಏಪ್ರಿಲ್ ಹೊತ್ತಿಗೆ ಯೋಜನೆ ಸತ್ತಿತ್ತು, ಬ್ರೌನ್ ರಾಜೀನಾಮೆ ಕೊಟ್ಟರು. ಆದರೆ ಹೋಗುವಾಗ ಅವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಅಷ್ಟೂ ಪತ್ರವ್ಯವಹಾರವನ್ನು ಪತ್ರಿಕೆಗಳಿಗೆ ಕೊಟ್ಟುಬಿಟ್ಟರು. ಒಳಗೊಳಗೇ ಮುಗಿಯುತ್ತಿದ್ದ ಮಾತು ಮಾರನೇ ದಿನ ಜನರ ಕೈಗೆ ಬಂತು.

ಗೋಲ್‌ಪೋಸ್ಟ್:
ಎಲ್ಲರೂ ಮೆಕ್‌ಕ್ವೇಡ್ ಅವರ ಮಾತು ಕೇಳುತ್ತಿದ್ದರು ಅಂತೇನಿಲ್ಲ. 1955ರಲ್ಲಿ ಕಮ್ಯುನಿಸ್ಟ್ ಯುಗೋಸ್ಲಾವಿಯದ ಜೊತೆ ಫುಟ್‌ಬಾಲ್ ಮ್ಯಾಚ್ ಬೇಡ ಅಂದರು. ರಾಷ್ಟ್ರಪತಿ ಹೋಗಲಿಲ್ಲ, ರೇಡಿಯೋ ಕಾಮೆಂಟೇಟರ್ ಹಿಂದೆ ಸರಿದರು. ಆದರೂ ಡಾಲಿಮೌಂಟ್ ಪಾರ್ಕಿಗೆ ಸುಮಾರು 21,000 ಜನ ಬಂದರು. ಐರ್ಲೆಂಡ್ 4-1ರಿಂದ ಸೋತಿತು, ಅದು ಬೇರೆ ಮಾತು.

ಹಳೆಕಾಗದ:
ಎಲ್ಲರಿಗೂ ಥ್ಯಾಂಕ್ಸ್. ಒಳ್ಳೆಯದು ಏನೂ ಇರಲಿಲ್ಲವಾ ಹಾಗಾದರೆ?

ಸಂಜೆಓದು:
ಇತ್ತು. ಯುದ್ಧದ ಕಾಲದಲ್ಲಿ ಡಬ್ಲಿನ್ನಿನ ಬಡವರಿಗೆ ಊಟ, ಬಟ್ಟೆ ತಲುಪಿಸಲು ಸಂಸ್ಥೆ ಕಟ್ಟಿದರು. ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗುವವರಿಗಾಗಿ 1942ರಲ್ಲಿ ಒಂದು ಬ್ಯೂರೋ ಶುರುಮಾಡಿದರು. ಕವಿ ಪ್ಯಾಟ್ರಿಕ್ ಕ್ಯಾವನಾ ಕೈ ಬರಿದಾದಾಗ ಇವರಿಂದಲೇ ಹಣ ಪಡೆಯುತ್ತಿದ್ದರು. ಇದನ್ನೆಲ್ಲ ಮರೆತು ಬರೀ ಖಳನಾಯಕನನ್ನಾಗಿ ಮಾಡುವುದು ನ್ಯಾಯವಲ್ಲ.

ಮೂರನೇಬೆಂಚು:
ಒಪ್ಪುತ್ತೇನೆ. ಆದರೆ 1960ರ ಒಂದು ಪ್ರಕರಣವನ್ನು ಇದರ ಪಕ್ಕದಲ್ಲೇ ಇಡಬೇಕು. ಕ್ರಮ್ಲಿನ್ ಮಕ್ಕಳ ಆಸ್ಪತ್ರೆಯಲ್ಲಿ ಸೇವೆಗಿದ್ದ ಪಾದ್ರಿಯೊಬ್ಬ ಪುಟ್ಟ ಹುಡುಗಿಯರ ಅಶ್ಲೀಲ ಫೋಟೋ ತೆಗೆದು, ಫಿಲ್ಮನ್ನು ತೊಳೆಯಲು ಇಂಗ್ಲೆಂಡಿಗೆ ಕಳಿಸಿದ್ದ. ಅಲ್ಲಿನ ಕಂಪನಿಯವರು ಸ್ಕಾಟ್‌ಲೆಂಡ್ ಯಾರ್ಡಿಗೆ ತಿಳಿಸಿದರು, ಅದು ಐರಿಷ್ ಪೊಲೀಸ್ ಮುಖ್ಯಸ್ಥರ ಹತ್ತಿರ ಬಂತು. ಅವರು ತನಿಖೆ ಮಾಡುವುದು ಬಿಟ್ಟು ಇಡೀ ವಿಷಯವನ್ನು ಆರ್ಚ್‌ಬಿಷಪ್ಪರಿಗೇ ಒಪ್ಪಿಸಿದರು! ಪಾದ್ರಿಗೆ ಹೆಣ್ಣಿನ ದೇಹದ ಬಗ್ಗೆ ಬರೀ ಕುತೂಹಲ ಅಂತ ಇವರು ತೀರ್ಮಾನಿಸಿದರು. ಅಪವಾದ ಹೊರಗೆ ಬರಬಾರದು ಅನ್ನುವುದೇ ಮುಖ್ಯವಾಗಿತ್ತು ಅಂತ ಡಬ್ಲಿನ್ ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ದೌರ್ಜನ್ಯದ ದೂರುಗಳ ಬಗ್ಗೆ ನಡೆದ ತನಿಖೆಯ 2009ರ ಮರ್ಫಿ ವರದಿ ಹೇಳುತ್ತದೆ. ಅದೇ ಪಾದ್ರಿಗೆ ಅದೇ ಆಸ್ಪತ್ರೆಯ ಇನ್ನೊಬ್ಬ ಹುಡುಗಿಯ ಮೇಲಿನ ದೌರ್ಜನ್ಯಕ್ಕೆ ಶಿಕ್ಷೆಯಾದದ್ದು 1997ರಲ್ಲಿ.