ಸಹಾಯ ಬೇಕು: ಎರಡೂವರೆ ವರ್ಷದ ಮಗನ ಮಲದಲ್ಲಿ ರಕ್ತ, ಕಾರಣ ತಿಳಿಯುತ್ತಿಲ್ಲ

ನಾಲ್ಕು ತಿಂಗಳಲ್ಲಿ ಮೂರು ಬಾರಿ ಹೀಗಾಗಿದೆ. ನೋವಿಲ್ಲ, ಜ್ವರವಿಲ್ಲ, ಆಡುತ್ತಿದ್ದವನ ಡೈಪರ್ ಬಿಚ್ಚಿದರೆ ಇಟ್ಟಿಗೆ ಬಣ್ಣದ ರಕ್ತ. ಕಳೆದ ಬಾರಿ ಹಿಮೋಗ್ಲೋಬಿನ್ 6.8ಕ್ಕೆ ಇಳಿದು ರಕ್ತ ಕೊಡಿಸಬೇಕಾಯಿತು. ಬಿಳಿಚಿಕೊಂಡಿದ್ದ ಅವನ ತುಟಿ ಇನ್ನೂ ಕಣ್ಣಮುಂದೆಯೇ ಇದೆ.

ಎಂಡೋಸ್ಕೋಪಿ, ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಕ್ಯಾಮೆರಾ ಪರೀಕ್ಷೆ) ಎರಡರಲ್ಲೂ ಏನೂ ಸಿಗಲಿಲ್ಲ. ಸಣ್ಣ ಕರುಳಿನಲ್ಲಿ ಹುಟ್ಟಿನಿಂದಲೇ ಉಳಿದ ಪುಟ್ಟ ಚೀಲ, ಅಂದರೆ ಮೆಕೆಲ್ಸ್ ಡೈವರ್ಟಿಕ್ಯುಲಮ್, ಇರಬಹುದೆಂದು ವೈದ್ಯರ ಅನುಮಾನ. ಅದರೊಳಗೆ ಜಠರದಂಥ ಒಳಪದರವಿದ್ದರೆ ಆಮ್ಲ ಸ್ರವಿಸಿ ಪಕ್ಕದ ಕರುಳು ಹುಣ್ಣಾಗುತ್ತದಂತೆ. ಸ್ಕ್ಯಾನ್‌ನಲ್ಲಿ ಕಾಣಲಿಲ್ಲ, ಕಾಣದ ಮಾತ್ರಕ್ಕೆ ಇಲ್ಲವೆನ್ನಲಾಗದು ಎಂದರು. ಈಗ ಕ್ಯಾಪ್ಸೂಲ್ ಎಂಡೋಸ್ಕೋಪಿಯೋ (ಮಾತ್ರೆಯಂಥ ಪುಟ್ಟ ಕ್ಯಾಮೆರಾವನ್ನು ಕರುಳಿಗೆ ಬಿಟ್ಟು ನೋಡುವುದು), ನೇರವಾಗಿ ಲ್ಯಾಪರೋಸ್ಕೋಪಿಯೋ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ನೋಡುವ ಶಸ್ತ್ರಚಿಕಿತ್ಸೆ) ಎಂಬ ಪ್ರಶ್ನೆ.

ನಿಮ್ಮ ಮಗುವಿಗೆ ಹೀಗಾಗಿತ್ತೇ? ಕಾರಣ ಕೊನೆಗೆ ಯಾವ ಪರೀಕ್ಷೆಯಲ್ಲಿ ತಿಳಿಯಿತು? ಮನೆಮದ್ದು ಕೇಳುತ್ತಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಏನೇನು ಕೇಳಬೇಕೆಂದು ದಯವಿಟ್ಟು ತಿಳಿಸಿ.