ಅದೇ ಕಥೆ, ಇನ್ನೊಂದು ಪಾತ್ರದ ಬಾಯಲ್ಲಿ: ಕನ್ನಡದಲ್ಲಿ ಏನಂತ ಕರೆಯೋಣ?

ಒಂದು ಪದ ಬೇಕಾಗಿದೆ. ಓದುಗರಿಗೆ ಆಗಲೇ ಗೊತ್ತಿರುವ ಕಥೆ. ಘಟನೆಗಳು ಅವೇ, ಪಾತ್ರಗಳು ಆಡುವ ಮಾತುಗಳೂ ಬಹುಪಾಲು ಅವೇ. ಆದರೆ ಈ ಸಲ "ನಾನು" ಅನ್ನುತ್ತಿರುವುದು ಬೇರೆ ಪಾತ್ರ. ಇಂಥ ಪುಸ್ತಕಕ್ಕೆ ಕನ್ನಡದಲ್ಲಿ ಏನನ್ನಬೇಕು?

ನನ್ನ ತಲೆಯಲ್ಲಿರುವುದು ಸ್ಟೆಫನಿ ಮೇಯರ್ ಅವರ ವ್ಯಾಂಪೈರ್ (ರಕ್ತ ಕುಡಿದು ಬದುಕುವ ಜೀವಿ) ಪ್ರೇಮಕಥೆ. 2005ರಲ್ಲಿ ಬಂದ 'ಟ್ವಿಲೈಟ್' ಕಾದಂಬರಿಯನ್ನು ಹೇಳುವವಳು ಬೆಲ್ಲಾ. ಅದೇ ಕಥೆಯನ್ನು ಅವಳು ಪ್ರೀತಿಸುವ ವ್ಯಾಂಪೈರ್ ಹುಡುಗ ಎಡ್ವರ್ಡ್ ಹೇಳುವ 'ಮಿಡ್‌ನೈಟ್ ಸನ್' ಪೂರ್ತಿ ಪುಸ್ತಕವಾಗಿ ಬಂದದ್ದು 2020ರಲ್ಲಿ. ನಡುವೆ 2008ರಲ್ಲಿ ಅರ್ಧ ಬರೆದ ಕರಡು ಹೇಗೋ ಹೊರಗೆ ಹರಿದಾಡಿ, ಲೇಖಕಿ ಬೇಸತ್ತು ಬರೆಯುವುದನ್ನೇ ನಿಲ್ಲಿಸಿದ್ದರು.

ಇಂಥದ್ದಕ್ಕೆ ಥಟ್ಟನೆ ನೆನಪಾಗುವುದು 'ಮರುಕಥನ'. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಮರುಕಥನ ಅಂದರೆ ಹಳೆಯ ಕಥೆಯನ್ನು ಮತ್ತೆ ಕಟ್ಟುವುದು, ಅಲ್ವಾ? ಕಥೆ ಎಲ್ಲೋ ಒಂದು ಕಡೆ ಬದಲಾಗುತ್ತದೆ ಅಂತ ಓದುಗರು ಕಾಯುತ್ತಾರೆ. ಭೈರಪ್ಪನವರ 'ಪರ್ವ'ದಲ್ಲಿ (1979) ಮಹಾಭಾರತದ ಪಾತ್ರಗಳು ಒಂದೊಂದಾಗಿ ತಮ್ಮ ಬದುಕನ್ನು ನೆನೆಯುತ್ತವೆ, ನಿಜ. ಆದರೆ ಅಲ್ಲಿ ವರ, ಶಾಪ, ಪವಾಡ ಎಲ್ಲ ಹೋಗಿ ಕಥೆಯೇ ಬೇರೆಯಾಗಿದೆ. ಅದನ್ನು ಮರುಕಥನ ಅನ್ನೋಣ. ಮೇಯರ್ ಅವರೇ 2015ರಲ್ಲಿ 'ಲೈಫ್ ಆಂಡ್ ಡೆತ್' ಅಂತ ಇನ್ನೊಂದು ಬರೆದರು. ಅದರಲ್ಲಿ ಹುಡುಗಿ ಹುಡುಗನಾಗಿದ್ದಾಳೆ, ಹುಡುಗ ಹುಡುಗಿಯಾಗಿದ್ದಾನೆ, ಕೊನೆಯೂ ಬೇರೆ. ಅದಕ್ಕೂ ಮರುಕಥನ ಅನ್ನಿ, ತಕರಾರಿಲ್ಲ. 'ಮಿಡ್‌ನೈಟ್ ಸನ್' ಹಾಗಲ್ಲ. ಅಲ್ಲಿ ಕಥೆ ಕದಲುವುದಿಲ್ಲ, ಹೇಳುವವನು ಮಾತ್ರ ಬೇರೆ.

ಹಾಗಾದರೆ 'ಎಡ್ವರ್ಡ್‌ನ ದೃಷ್ಟಿಕೋನದಿಂದ' ಅಂದರೆ ಸಾಲದೇ? ವಿಮರ್ಶೆಯಲ್ಲಿ ನಡೆಯುತ್ತದೆ. ಆದರೆ ಈ ಪದ ಕಣ್ಣಿನ ಮೇಲೆ ಜಾಸ್ತಿ ಭಾರ ಹಾಕುತ್ತದೆ. ಇಲ್ಲಿ ಬದಲಾಗುವುದು ನೋಟ ಅಷ್ಟೇ ಅಲ್ಲ, ವಾಕ್ಯಗಳೇ ಬದಲಾಗುತ್ತವೆ. ಜೀವಶಾಸ್ತ್ರದ ತರಗತಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಬೆಲ್ಲಾ ಪಕ್ಕದಲ್ಲಿ ಬಂದು ಕೂರುತ್ತಾಳೆ. ಅವನು ಸೆಟೆದುಕೊಂಡು, ಮುಷ್ಟಿ ಬಿಗಿದು, ಕುರ್ಚಿಯ ಅಂಚಿಗೆ ಸರಿಯುತ್ತಾನೆ. ನನ್ನಿಂದ ಏನಾದರೂ ವಾಸನೆ ಬರುತ್ತಿದೆಯಾ ಅಂತ ಅವಳು ತನ್ನ ಕೂದಲನ್ನೇ ಮೂಸಿ ನೋಡಿಕೊಳ್ಳುತ್ತಾಳೆ. ಅವಳ ಕಥೆಯನ್ನು ಕನ್ನಡದಲ್ಲಿ ಹೇಳಿದರೆ ಸಾಲು ಸಾಲಿಗೂ "ಹಾಗಿತ್ತು", "ಅನ್ನಿಸಿತು", "ಇರಬೇಕು" ಬರುತ್ತವೆ. ಅವನಿಗೆ ನನ್ನ ಮೇಲೆ ದ್ವೇಷ ಇದ್ದ ಹಾಗಿತ್ತು. ಎಡ್ವರ್ಡ್ ಹೇಳುವಾಗ ಈ "ಹಾಗಿತ್ತು" ಉದುರಿಹೋಗುತ್ತದೆ. ನನಗೆ ದಾಹ ತಡೆಯಲಾಗಲಿಲ್ಲ, ಅಷ್ಟೇ. ಇಡೀ ತರಗತಿಯನ್ನು ಕೊಂದಾದರೂ ಅವಳ ರಕ್ತ ಕುಡಿಯುವ ಲೆಕ್ಕಾಚಾರ ಅವನ ತಲೆಯಲ್ಲಿ ನಡೆದಿರುತ್ತದೆ. (ಇಲ್ಲಿ 'ಬಾಯಾರಿಕೆ' ಅಂತ ಹಾಕಿ ನೋಡಿ, ನೀರು ಕೊಟ್ಟರೆ ಸಾಕು ಅನ್ನಿಸುತ್ತದೆ. 'ದಾಹ'ವೇ ಸರಿ.)

ಇನ್ನೂ ಒಂದು ವಿಶೇಷ. ಎಡ್ವರ್ಡ್‌ಗೆ ಸುತ್ತಲಿನವರ ಮನಸ್ಸಿನ ಮಾತು ಕೇಳಿಸುತ್ತದೆ, ಬೆಲ್ಲಾಳದ್ದು ಮಾತ್ರ ಕೇಳಿಸುವುದಿಲ್ಲ. ಸಾಮಾನ್ಯವಾಗಿ "ನಾನು" ಅಂತ ಕಥೆ ಹೇಳುವವರು ಬೇರೆಯವರ ಬಗ್ಗೆ "ಅವಳು ಹೀಗಂದುಕೊಂಡಳು" ಅಂತ ಧೈರ್ಯವಾಗಿ ಬರೆಯುವ ಹಾಗಿಲ್ಲ. ಇವನು ಬರೆಯಬಹುದು. ಎಲ್ಲರ ಬಗ್ಗೆಯೂ "ಅಂದುಕೊಂಡರು" ಅನ್ನುವವನು ತಾನು ಪ್ರೀತಿಸುವವಳ ಬಗ್ಗೆ ಮಾತ್ರ "ಅಂದುಕೊಂಡಿರಬೇಕು" ಅನ್ನಬೇಕಾಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇದು ಹಬ್ಬ. ಬೆಲ್ಲಾ ಕಥೆಯಲ್ಲಿದ್ದ ಅನುಮಾನವೆಲ್ಲ ಇಲ್ಲಿ ಬೆಲ್ಲಾ ಒಬ್ಬಳ ಸುತ್ತಲೇ ಉಳಿಯುತ್ತದೆ.

ಹಾಗಾಗಿ ನನ್ನ ಓಟು 'ಮರುನಿರೂಪಣೆ'ಗೆ. ಕಥೆಗೂ ನಿರೂಪಣೆಗೂ ಇರುವ ಭೇದವನ್ನು ಅದು ಉಳಿಸಿಕೊಳ್ಳುತ್ತದೆ. 'ಪ್ರತಿಕಥನ' ಅಂತ ಯಾರಾದರೂ ಹೇಳಬಹುದು. ಅದರಲ್ಲಿ ಜಗಳದ ದನಿ ಇದೆ. ಎಡ್ವರ್ಡ್ ಇಲ್ಲಿ ಬೆಲ್ಲಾ ಜೊತೆ ವಾದಕ್ಕೆ ನಿಂತಿಲ್ಲ. ಪ್ರತಿಕಥನ ಒಪ್ಪುವುದು ಡ್ರಾಕುಲಾನಂಥವನಿಗೆ. ಬ್ರಾಮ್ ಸ್ಟೋಕರ್ ಅವರ 1897ರ ಕಾದಂಬರಿ ಪೂರ್ತಿ ದಿನಚರಿ, ಪತ್ರ, ಪತ್ರಿಕೆಯ ಸುದ್ದಿಗಳಲ್ಲೇ ಸಾಗುತ್ತದೆ. ಹೆಚ್ಚುಕಡಿಮೆ ಎಲ್ಲರಿಗೂ ಮಾತಾಡುವ ಸರದಿ ಸಿಗುತ್ತದೆ, ಆದರೆ ಕಥೆ ಹೇಳುವ ಸರದಿ ಕೌಂಟ್ ಡ್ರಾಕುಲಾನಿಗೆ ಬರುವುದೇ ಇಲ್ಲ. 1975ರಲ್ಲಿ ಫ್ರೆಡ್ ಸೇಬರ್‌ಹೇಗನ್ 'ದಿ ಡ್ರಾಕುಲಾ ಟೇಪ್' ಬರೆದು ಅವನ ಕೈಗೆ ಮೈಕ್ ಕೊಟ್ಟರು. ಅವನು ಸುಮ್ನೆ ಕಥೆ ಹೇಳುವುದಿಲ್ಲ, ಅವರು ಹೇಳಿದ್ದು ಸುಳ್ಳು ಅನ್ನುತ್ತಾನೆ.

'ವ್ಯಾಂಪೈರ್' ಪದವನ್ನು ಹಾಗೇ ಬಿಟ್ಟಿದ್ದೇನೆ. 'ರಕ್ತಪಿಶಾಚಿ' ಚಾಲ್ತಿಯಲ್ಲಿದೆ. ಆದರೆ ಪಿಶಾಚಿ ನಮಗೆ "ಅದು". ಪಿಶಾಚಿ ಬಂತು, ಪಿಶಾಚಿ ಹೋಯಿತು. ಪ್ರೇಮಕಥೆಯ ನಾಯಕನಿಗೆ "ಬಂತು" ಅಂದರೆ ಅಲ್ಲಿಗೆ ಮುಗಿಯಿತು. ಬೇತಾಳವೂ ಇದೆ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ-ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳವನ್ನು ವ್ಯಾಂಪೈರ್ ಅಂತಲೇ ಕರೆದ. ತಿರುಗಿಸಿ ಹಾಕಲು ನನಗೆ ಮನಸ್ಸಿಲ್ಲ. ಬೇತಾಳ ರಕ್ತಕ್ಕಿಂತ ಜಾಸ್ತಿ ಒಗಟು ಕೇಳುತ್ತದೆ.

ಇನ್ನು ಬಗೆಹರಿಯದೆ ಉಳಿದಿರುವುದು 'ನೀನು', 'ನೀವು'. ಎಡ್ವರ್ಡ್ ನೋಡಲು ಹದಿನೇಳರ ಹುಡುಗ, ಹುಟ್ಟಿದ್ದು 1901ರಲ್ಲಿ. ಬೆಲ್ಲಾ ಕಥೆಯಲ್ಲಿ ಇಬ್ಬರೂ ಸಹಪಾಠಿಗಳು, "ನೀನು" ಅಂದರೆ ಮುಗಿಯಿತು. ಅವನೇ ಹೇಳುವಾಗ ಹಳೆಯ ಕಾಲದ ನಯ ಅವನ ಮಾತಿನಲ್ಲಿ ಇರಬೇಕಲ್ವಾ? ಆದರೆ ಸಂಭಾಷಣೆ ಎರಡೂ ಪುಸ್ತಕದಲ್ಲಿ ಒಂದೇ. ಒಂದರಲ್ಲಿ "ನೀನು", ಇನ್ನೊಂದರಲ್ಲಿ "ನೀವು" ಹಾಕುವ ಹಾಗಿಲ್ಲ. ಮೊದಲ ಭೇಟಿಯಲ್ಲಿ "ನೀವು" ಹಾಕಿ ಆಮೇಲೆ "ನೀನು"ಗೆ ಇಳಿಸುವುದಾದರೆ, ಯಾವ ದೃಶ್ಯದಲ್ಲಿ ಇಳಿಸುತ್ತೀರಿ? ಅನುವಾದ ಮಾಡಿದ ಅನುಭವ ಇರುವವರು ಹೇಳಿ.