ಸಹಾಯ ಬೇಕು: ಮಲೆನಾಡ ಮಳೆ ತಡೆಯೋ ಕಾರ್ ಸ್ಟೀರಿಯೊ ಯಾವುದು?

ಎಲ್ರಿಗೂ ನಮಸ್ಕಾರ. ಕಾರು ಹಳೆ ವ್ಯಾಗನ್ ಆರ್, ಓಡಾಟ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಕಡೆ. ಬಜೆಟ್ ಫಿಟ್ಟಿಂಗ್ ಸೇರಿ 15,000.

ಘಾಟಿಯಲ್ಲಿ ನೆಟ್‌ವರ್ಕ್ ಸಿಗಲ್ಲ, ಎಫ್‌ಎಂ ಕೂಡ ಬಿಟ್ಟು ಬಿಟ್ಟು ಬರುತ್ತೆ. ಹಾಗಾಗಿ ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್ ಬೇಡ. ಪೆನ್‌ಡ್ರೈವ್, ಬ್ಲೂಟೂತ್ ಇರೋ ಸಾದಾ ಸೆಟ್ ಸಾಕು. ಡಬ್ಬದ ಮೇಲಿನ 50 ವ್ಯಾಟ್ ಪೀಕ್ (ಕ್ಷಣಮಾತ್ರದ ಗರಿಷ್ಠ) ಲೆಕ್ಕ, ಆರ್‌ಎಂಎಸ್ (ಸತತವಾಗಿ ಕೊಡೋ ಪವರ್) ನೋಡಿದ್ರೆ ಚಾನೆಲ್‌ಗೆ ಸುಮಾರು 15ರಿಂದ 20 ಅಷ್ಟೆ. ಆಂಪ್ಲಿಫೈಯರ್ ಇಲ್ಲದೆ ನಡೆಸಬೇಕಾದ್ರಿಂದ 4 ಓಮ್, 90 ಡಿಬಿಗಿಂತ ಹೆಚ್ಚು ಸೆನ್ಸಿಟಿವಿಟಿ (ಕಮ್ಮಿ ಪವರ್ ಕೊಟ್ರೂ ಜೋರಾಗಿ ಕೇಳ್ಸೋ ಗುಣ) ಇರೋ ಸ್ಪೀಕರ್ ಹುಡುಕ್ತಿದ್ದೀನಿ.

ನಿಜವಾದ ಚಿಂತೆ ಸ್ಪೀಕರ್ ಕೂರೋ ಬಾಗಿಲಿನದು. ಗಾಜಿನ ರಬ್ಬರ್ ದಾಟಿ ನೀರು ಬಾಗಿಲೊಳಗೆ ಇಳಿಯೋದು ಸಹಜ, ಕೆಳಗಿನ ತೂತಿಂದ ಹರಿದು ಹೋಗುತ್ತೆ. ಆ ತೂತು ಕೆಸರಿಂದ ಮುಚ್ಚಿದ್ರೆ, ಇಲ್ಲಾ ಫಿಟ್ಟಿಂಗ್ ಮಾಡೋವಾಗ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ಹಾಗೇ ಬಿಟ್ರೆ, ತೇವ ನಿಲ್ಲುತ್ತೆ. ಸ್ಪೀಕರಿನ ಪೇಪರ್ ಕೋನ್ (ಅದುರಿ ಸದ್ದು ಮಾಡೋ ಭಾಗ) ಮೆತ್ತಗಾಗುತ್ತೆ, ಅದನ್ನ ಅದುರಿಸೋ ವಾಯ್ಸ್ ಕಾಯಿಲ್ (ತಂತಿ ಸುರುಳಿ) ಉಜ್ಜಿ ಪರಪರ ಸದ್ದು ಬರುತ್ತೆ, ಟರ್ಮಿನಲ್‌ಗೆ ಹಸಿರು ಕಿಲುಬು ಹತ್ತುತ್ತೆ. ಅದಕ್ಕೇ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಕೋನ್, ಸುತ್ತ ರಬ್ಬರ್ ಅಂಚು ಇರೋದೇ ಬೇಕು.

ಗೊತ್ತಿರೋರು ದಯವಿಟ್ಟು ಹೇಳಿ: ಈ ಬೆಲೆಗೆ ಎರಡು ಮಳೆಗಾಲ ದಾಟಿದ 6.5 ಇಂಚಿನ ಕೋಆಕ್ಸಿಯಲ್ (ದಪ್ಪ, ಸಣ್ಣ ಸ್ವರ ಎರಡೂ ಒಂದರಲ್ಲೇ ಬರೋ) ಸ್ಪೀಕರ್ ಯಾವುದು? ಸ್ಪೀಕರ್ ಮೇಲೆ ಫೋಮ್ ಕೊಡೆ ಹಾಕಿಸಿದ್ರೆ ಉಪಯೋಗ ಇದ್ಯಾ, ಅಥವಾ ಅದೇ ನೀರು ಹೀರಿ ಹಿಡ್ಕೊಳ್ಳುತ್ತಾ? ಶಿವಮೊಗ್ಗದಲ್ಲಿ ವೈರ್ ಕತ್ತರಿಸದೆ, ಕಪ್ಲರ್ (ಸಿಕ್ಕಿಸೋ ಪ್ಲಗ್) ಹಾಕಿಯೇ ಕೂರಿಸೋರು ಯಾರಿದ್ದಾರೆ? ಕತ್ತರಿಸಿ ಸುತ್ತೋರು ಆತುರದಲ್ಲಿ ಸೆಟ್ಟಿನ ಹಳದಿ (ಯಾವಾಗ್ಲೂ ಕರೆಂಟ್ ಇರೋ), ಕೆಂಪು (ಕೀ ಹಾಕಿದಾಗ ಮಾತ್ರ ಕರೆಂಟ್ ಬರಬೇಕಾದ) ವೈರ್ ಎರಡನ್ನೂ ಬ್ಯಾಟರಿ ಲೈನ್‌ಗೇ ಸೇರಿಸಿಬಿಟ್ರೆ, ಕೀ ತೆಗೆದ್ರೂ ಸೆಟ್ ಆಫ್ ಆಗಲ್ಲ, ಬ್ಯಾಟರಿ ಇಳಿದುಹೋಗುತ್ತೆ.